ಹೊಟ್ಟೆಯ ಕೆಳಗಿನ ದೀಪಗಳು

ಬಿಳಿ ಕಾಗದದ ಮೇಲೆ ಕಪ್ಪು ಗೆರೆ ಮೂಡಿಸುವುದು ಯಾವ ಅಚ್ಚುಕೂಟಕ್ಕಾದರೂ ಬರುತ್ತದೆ. ಇಡೀ ಪುಟ ಕಪ್ಪಾಗಿಸಿ ನಡುವೆ ಜೋಳದ ಕಾಳಿನಷ್ಟು ಬೆಳಕು ಉಳಿಸುವುದು ಬೇರೆ ಮಾತು. ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಗದಗಿನ ಒಂದು ಅಚ್ಚುಕೂಟದಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಕೈ ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ಹಾಳು ಮಾಡಿದ್ದು ಬಾಯಿ, ಅದೂ ಮಾತಾಡಿ ಅಲ್ಲ, ಮುಚ್ಚಿಕೊಂಡು.

ನಾನು ಅಲ್ಲಿ ಕೆತ್ತುವವನು. ನಾಟಕದ ಪೋಸ್ಟರಿಗೆ ಬೇಕಾದ ಗೇಣುದ್ದದ ಅಕ್ಷರ, ಅಂಗಡಿಗಳ ಮುದ್ರೆ, ಲಗ್ನಪತ್ರಿಕೆಯ ಕಳಶ, ಎಲ್ಲ ನನ್ನ ಕೈಯಿಂದಲೇ. ಸತುವಿನ ಬ್ಲಾಕು ಬೇಕೆಂದರೆ ಹುಬ್ಬಳ್ಳಿಗೆ ಕಳಿಸಿ ವಾರಗಟ್ಟಲೆ ಕಾಯಬೇಕಿತ್ತು. ಹಾಗಾಗಿ ನೆಲಕ್ಕೆ ಹಾಸುವ ಲಿನೋಲಿಯಂ ತುಂಡನ್ನು ಕಟ್ಟಿಗೆಗೆ ಅಂಟಿಸಿ, ಮುರಿದ ಕೊಡೆಯ ಕಡ್ಡಿಯನ್ನು ಮಸೆದು ಮಾಡಿದ ಉಳಿಯಿಂದ ನಾನು ಚಿತ್ರ ಕೆತ್ತಿಕೊಡುತ್ತಿದ್ದೆ. ಮಾಲೀಕರು ನನ್ನನ್ನು 'ಕಾರೀಗರ' ಎಂದು ಕರೆಯುತ್ತಿದ್ದರು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಬೆಟಗೇರಿಯ ನಮ್ಮ ಮನೆಯ ಮಾತು ಉರ್ದು, ನಾನು ಮೂರನೆಯ ಇಯತ್ತೆಯವರೆಗೆ ಕಲಿತದ್ದೂ ಉರ್ದು. ಕನ್ನಡ ಅಕ್ಷರ ನನಗೆ ಬಂದದ್ದು ಕೆತ್ತಿ ಕೆತ್ತಿ. ಅಚ್ಚಿಗೆ ಕೆತ್ತುವ ಅಕ್ಷರ ಉಲ್ಟಾ ಇರಬೇಕು, ಸಾಲು ಬಲದಿಂದ ಎಡಕ್ಕೆ ಹೋಗಬೇಕು. ಉರ್ದುವಿನ ದಾರಿಯೂ ಅದೇ. ಹೀಗಾಗಿ ಉಲ್ಟಾ ಕನ್ನಡ ನನಗೆ ನೀರು ಕುಡಿದಷ್ಟು ಸಲೀಸು. ಅದೇ ಸಾಲನ್ನು ಕಾಗದದ ಮೇಲೆ ಸೀದಾ ಕೊಟ್ಟರೆ ಒಂದೊಂದೇ ಅಕ್ಷರಕ್ಕೆ ಎಡವುತ್ತಿದ್ದೆ. ಅಚ್ಚುಕೂಟದವರಿಗೆ ಕಾಣುತ್ತಿದ್ದುದು ಈ ಎಡವುವುದಷ್ಟೇ, ಅದೊಂದು ತಮಾಷೆಯಾಗಿತ್ತು.

ಆ ಚಳಿಗಾಲದಲ್ಲಿ ಲಕ್ಷ್ಮೇಶ್ವರದಿಂದ ಒಬ್ಬ ವಿಜ್ಞಾನದ ಮಾಸ್ತರರು ಬಂದರು. ತೆಳ್ಳಗಿನ ಆಳು, ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಹಸ್ತಪ್ರತಿ. ಕಡಲಿನ ಆಳದಲ್ಲಿ ಬಿಸಿಲು ಮುಟ್ಟದ ಕಡೆ ಬದುಕುವ ಜೀವಿಗಳು ತಮ್ಮ ಮೈಯಿಂದಲೇ ಬೆಳಕು ಮಾಡುತ್ತವಂತೆ. ಯಾಕೆ, ಹೇಗೆ ಎಂದು ಮಕ್ಕಳಿಗೆ ತಿಳಿಯುವಂತೆ ಬರೆದಿದ್ದರು. ಒಂಬತ್ತು ವರ್ಷ ಬರೆದು, ಹರಿದು, ಮತ್ತೆ ಬರೆದದ್ದು. ಅವರು ಒಮ್ಮೆಯೂ ಕಡಲು ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ. ಕಡಲು ಕಾಣದವನು ಬರೆದದ್ದಕ್ಕೆ ಕಡಲು ಕಾಣದವನು ಚಿತ್ರ ಕೆತ್ತಬೇಕಿತ್ತು.

"ಜಿಲ್ಲಾದಾಗಿನ ಸಾಲಿ ಲೈಬ್ರರಿಗೆ ಪುಸ್ತಕ ಆರಸೂ ಸಮಿತಿ ಐತಿ," ಎಂದರು ಮಾಲೀಕರಿಗೆ. "ಸಂಕ್ರಾಂತಿ ಒಳಗ ಪ್ರತಿ ಧಾರವಾಡ ಮುಟ್ಟಬೇಕು. ಅವರು ಹೂಂ ಅಂದ್ರ ಪ್ರತಿಯೊಂದು ಸಾಲಿಗೂ ಹೋಗ್ತೈತಿ. ಈ ವರ್ಷ ತಪ್ಪಿದರ ನಾ ರಿಟೈರ್ ಆಗಿರ್ತೀನಿ. ರಿಟೈರ್ ಆದ ಮಾಸ್ತರನ ಪುಸ್ತಕ ಯಾರು ಮುಟ್ಟತಾರ?"

ಅವರಿಗೆ ಬೇಕಿದ್ದುದು ಅಷ್ಟೇ. ಹೆಸರಲ್ಲ, ಹಾರವಲ್ಲ. ತಾವು ಕಂಡುಕೊಂಡ ಸಂಗತಿ ತಮ್ಮ ತರಗತಿಯ ಗೋಡೆ ದಾಟಿ ಹೋಗಬೇಕು, ಅಷ್ಟೇ.

ನನ್ನ ಹತ್ತಿರ ಕುಳಿತು ಅವರೇ ಓದಿ ಹೇಳಿದರು. ಒಂದು ಹೆಣ್ಣು ಮೀನು ಹಣೆಯಿಂದ ಕೋಲು ಚಾಚಿ ತುದಿಗೆ ದೀಪ ಹಿಡಿಯುತ್ತದೆ, ಬೆಳಕು ನೋಡಿ ಬಂದ ಸಣ್ಣ ಮೀನನ್ನು ನುಂಗುತ್ತದೆ. ದೀಪದ ಬೆಳಕು ಅದರದಲ್ಲ, ಒಳಗೆ ಸಾಕಿಕೊಂಡ ಸೂಕ್ಷ್ಮ ಜೀವಿಗಳದು. ಒಂದು ಸಿಗಡಿ ಶತ್ರುವಿನ ಮುಖಕ್ಕೆ ಬೆಳಕಿನ ದ್ರವವನ್ನೇ ಕಾರಿ, ಅದು ಕಕ್ಕಾಬಿಕ್ಕಿಯಾದಾಗ ಓಡಿಹೋಗುತ್ತದೆ. ಇನ್ನೊಂದು ಮೀನಿನ ಕಣ್ಣ ಕೆಳಗೆ ಕೆಂಪು ದೀಪ. ಆ ಕೆಂಪು ಅಲ್ಲಿಯ ಬಹುತೇಕ ಜೀವಿಗಳ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಮಾತ್ರ ಕಾಣುತ್ತದೆ.

"ಕೈ ಸುಡೂದಿಲ್ಲೇನ್ರಿ ಅದರ ಬೆಳಕು?" ಎಂದು ಕೇಳಿದೆ.

"ಇಲ್ಲಪಾ. ನಮ್ಮ ಮಿಂಚಿನಹುಳದಂಗ. ಮೈಯಾಗಿನ ಎರಡು ವಸ್ತು ಪ್ರಾಣವಾಯು ಕೂಡ ಸೇರಿದ್ರ ಬೆಳಕಾಗ್ತೈತಿ. ಬಿಸಿ ಇಲ್ಲ, ಹೊಗಿ ಇಲ್ಲ."

ಕೊನೆಯ ಚಿತ್ರ ಕೊಡಲಿ ಮೀನಿನದು. ಚಪ್ಪಟೆ ಮೈ, ಕೊಡಲಿಯ ಬಾಯಿಯ ಹಾಗೆ ಕೆಳಗೆ ಉಬ್ಬಿದ ಹೊಟ್ಟೆ, ಆ ಹೊಟ್ಟೆಯ ಅಂಚಿಗೆ ಸಾಲಾಗಿ ದೀಪ. ದೀಪ ಕೆಳಗೇಕೆ ಎಂದು ನಾನು ಕೇಳಿದೆ. ಮಾಸ್ತರರು ಎದ್ದರು. ರಟ್ಟಿನಲ್ಲಿ ಅಂಗೈಯಗಲದ ಮೀನು ಕತ್ತರಿಸಿ, ದಾರ ಕಟ್ಟಿ, ಅಚ್ಚುಕೂಟದ ಮಾಳಿಗೆಯ ಬೆಳಕಿಂಡಿಯ ಕೆಳಗೆ ತೂಗಿಬಿಟ್ಟರು. ನನ್ನನ್ನು ನೆಲದ ಮೇಲೆ ಮಲಗಿಸಿದರು.

"ಹೆಂಗ ಕಾಣ್ತೈತಿ?"

"ಕರ್ರಗ."

"ಹಂಗ. ಮ್ಯಾಲಿಂದ ನಸುಕಿನಷ್ಟು ಬೆಳಕು ಇಳೀತಿರ್ತೈತಿ. ಕೆಳಗಿನ ವೈರಿ ಮ್ಯಾಲ ನೋಡಿದರ ಮೀನಿನ ನೆರಳು ಕಂಡುಬಿಡ್ತೈತಿ. ಈಗ ನೋಡು." ರಟ್ಟಿನ ಹೊಟ್ಟೆಗೆ ಕನ್ನಡಿಯ ಚೂರಿನಿಂದ ಹಿತ್ತಲ ಬಿಸಿಲನ್ನು ತಿರುಗಿಸಿ ಹಾಯಿಸಿದರು. ಮೊದಲು ತೀರ ಹೊಳೆಯಿತು. ಕನ್ನಡಿ ಸ್ವಲ್ಪ ಸರಿಸಿದರು. ಒಂದು ಗಳಿಗೆ, ಒಂದೇ ಗಳಿಗೆ, ಬೆಳಕಿಂಡಿಯ ಬೆಳಕೂ ರಟ್ಟಿನ ಬೆಳಕೂ ಒಂದಾಗಿ ಮೀನು ಮಾಯವಾಯಿತು.

ನಾನು ನಕ್ಕುಬಿಟ್ಟೆ. ಅಷ್ಟು ಖುಷಿಯಾಗಿತ್ತು. ಬೆಳಕು ಎಂದರೆ ತೋರಿಸಿಕೊಳ್ಳುವುದಕ್ಕೆ ಎಂದು ತಿಳಿದಿದ್ದೆ, ಅಡಗಿಕೊಳ್ಳುವುದಕ್ಕೂ ಬೆಳಕು ಬೇಕೆಂದು ಅಂದು ತಿಳಿಯಿತು. ಮುಂದೆ ಯಾರಾದರೂ 'ಅವನಿಗೆ ಅರ್ಥವಾಗಿರಲಿಲ್ಲ, ಪಾಪ' ಎಂದರೆ ನಂಬಬೇಡಿ. ನನಗೆ ಅರ್ಥವಾಗಿತ್ತು.

ಕೆತ್ತನೆ ಶುರುವಾಯಿತು. ಚಳಿಗೆ ಲಿನೋ ಬಿರುಸಾಗಿ ಉಳಿಯ ತುದಿಗೆ ಚೂರು ಚೂರಾಗಿ ಏಳುತ್ತಿತ್ತು, ಅದನ್ನು ಬಿಸಿಲಿಗಿಟ್ಟು ಮೆತ್ತಗಾಗಿಸಿ ಕೆತ್ತಬೇಕು. ಇಷ್ಟು ದಿನ ಬೇಡದ್ದೆಲ್ಲ ಕೆತ್ತಿ ತೆಗೆದು ಗೆರೆ ಉಳಿಸಿದವನು ನಾನು. ಇಲ್ಲಿ ತಿರುಗುಮುರುಗು. ಉಳಿದದ್ದು ಕತ್ತಲೆ, ಕೆತ್ತಿದ್ದು ಬೆಳಕು. ಒಮ್ಮೆ ಉಳಿ ಇಳಿಯಿತೆಂದರೆ ಬೆಳಕಾಯಿತು, ಅಲ್ಲಿಗೆ ಮತ್ತೆ ಕತ್ತಲೆ ತುಂಬಲು ಬರುವುದಿಲ್ಲ.

ಮೊದಲ ಚಿತ್ರಗಳು ಸರಿಯಾಗಿಯೇ ಬಂದವು. ಸಿಗಡಿ ಕಾರಿದ ಬೆಳಕನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ಮಾಡಿದೆ, ಮಾಸ್ತರರು ಬೆನ್ನು ತಟ್ಟಿದರು. ಎಡವಿದ್ದು ಕೊಡಲಿ ಮೀನಿನ ಹತ್ತಿರ. ಮೊದಲ ಬ್ಲಾಕಿನಲ್ಲಿ ದೀಪ ದೊಡ್ಡವಾದವು. ಎರಡನೆಯದರಲ್ಲಿ ಸಾಲು ಬಾಲದವರೆಗೆ ಹೋಯಿತು. ಎರಡೂ ನನ್ನದೇ ತಪ್ಪು. ಮೂರನೆಯದನ್ನು ನಾಲ್ಕು ದಿನ ಕೂತು ಕೆತ್ತಿದೆ. ಆದರೆ ಪ್ರೂಫು ತೆಗೆದು ನೋಡಿದರೆ ಕಪ್ಪಿನಲ್ಲಿ ಒಂದಿಷ್ಟು ಚುಕ್ಕೆ, ಮೇಲೊಂದು ಕಣ್ಣು, ಅಷ್ಟೇ. ಇದು ಮೀನೋ, ದೀಪಾವಳಿಯೋ? ಮೇಲು ಯಾವುದು, ಕೆಳಗು ಯಾವುದು? ಕೂದಲೆಳೆಯ ಒಂದು ಗೆರೆಯನ್ನು ಬೆನ್ನಿನುದ್ದಕ್ಕೂ ಎಳೆದೆ. ತಟ್ಟನೆ ಅದು ಮೀನಾಯಿತು. ಬಹಳ ಚಂದ ಕಂಡಿತು ನನಗೆ.

ಮಾಸ್ತರರು ಶನಿವಾರ ಬಂದರು. ಪ್ರೂಫು ನೋಡಿ ಮುಖ ಕೆಂಪಾಯಿತು.

"ಈ ಗೆರಿ ಯಾರು ಹೇಳಿದ್ದು?"

"ಮೀನು ಅಂತ ತಿಳೀಲಿ ಅಂತ ನಾನ..."

"ಕತ್ತಲಾಗ ಗೆರಿ ಎಲ್ಲಿಂದ ಬರ್ತೈತಿ? ಬೆನ್ನ ಮ್ಯಾಲ ಬೆಳಕು ಐತಿ ಅಂತ ಮಕ್ಕಳು ತಿಳಕೊಂಡ್ರ? ಒಂಬತ್ತು ವರ್ಷದ್ದು ನೀ ಒಂದ ಗೆರಿಗೆ ಕೆಡಸ್ತೀ." ಮಾಲೀಕರು, ಫೋರ್‌ಮನ್, ಅಕ್ಷರದ ಮೊಳೆ ಜೋಡಿಸುವ ಇಬ್ಬರು, ಎಲ್ಲರೂ ಅಲ್ಲೇ ಇದ್ದರು. "ಸೀದಾ ಒಂದು ಸಾಲು ಓದಾಕ ಬರೂದಿಲ್ಲ, ಮೀನಿನ ಶಾಸ್ತ್ರ ಹೇಳಾಕ ಬಂದಾನ. ಕೆತ್ತೂದು ನಿನ್ನ ಕೆಲಸ, ತಿಳಕೊಳ್ಳೂದು ನನ್ನ ಕೆಲಸ. ತಲಿ ಓಡಸಬ್ಯಾಡ!"

ಯಾರೋ ಕಿಸಕ್ಕೆಂದರು. ಬೆಳಕಿಂಡಿಯ ಕೆಳಗೆ ಮಲಗಿ ನಕ್ಕವನಿಗೆ ಈ ಮಾತು. ಧಾರವಾಡಕ್ಕೆ ಕಳಿಸುವ ದಿನ ಹತ್ತಿರ ಬಂದಿತ್ತು, ನಿದ್ದೆಗೆಟ್ಟಿದ್ದರು, ಅದೆಲ್ಲ ಇಂದು ತಿಳಿಯುತ್ತದೆ. ಅಂದು ಮೈಯೆಲ್ಲ ಉರಿಯಿತು. ನಾಲ್ಕನೆಯ ಬ್ಲಾಕು ಕೆತ್ತಿದೆ. ಅವರು ಹೇಳಿದ ಹಾಗೆಯೇ: ಒಂದು ಕಣ್ಣು, ಒಂದು ಸಾಲು ದೀಪ, ಉಳಿದದ್ದೆಲ್ಲ ಕಪ್ಪು.

ಅಚ್ಚುಕೂಟದಲ್ಲಿ ಒಂದು ಪದ್ಧತಿಯಿದೆ. ಸೀಸದ ಪ್ರತಿ ಮೊಳೆಗೂ ಅಕ್ಷರದ ಕಾಲಿನ ಕಡೆ ಒಂದು ಕಚ್ಚು ಇರುತ್ತದೆ, ಬೆರಳಿಗೆ ತಾಗಿದರೆ ಸಾಕು, ಮೇಲು ಕೆಳಗು ಗೊತ್ತಾಗುತ್ತದೆ. ನಮ್ಮಲ್ಲಿ ಬ್ಲಾಕಿನ ಕಟ್ಟಿಗೆಗೂ ಹಾಗೆಯೇ ಕಾಲಿನ ಕಡೆ ಕಚ್ಚು ಹಾಕುತ್ತಿದ್ದೆವು. ನಾಲ್ಕನೆಯ ಬ್ಲಾಕಿಗೂ ಹಾಕಿದೆ, ದೀಪಗಳ ಕಡೆ, ಹೊಟ್ಟೆಯ ಕಡೆ.

ಪುಟದ ಪ್ರೂಫುಗಳು ಚಿತ್ರದ ಜಾಗ ಖಾಲಿ ಬಿಟ್ಟು ಲಕ್ಷ್ಮೇಶ್ವರಕ್ಕೆ ಹೋಗಿ ತಿದ್ದಿ ಬಂದಿದ್ದವು. ಅಷ್ಟರಲ್ಲಿ ಮಾಸ್ತರರಿಗೆ ಪರೀಕ್ಷೆಯ ಕೆಲಸ ಹತ್ತಿತು. 'ನಾ ಬರಾಕ ಆಗೂದಿಲ್ಲ, ಐದು ಪ್ರತಿ ನೀವ ಧಾರವಾಡಕ್ಕ ಕಳಸ್ರಿ' ಎಂದು ಬಸ್ ಕಂಡಕ್ಟರನ ಕೈಯಲ್ಲಿ ಚೀಟಿ ಕಳಿಸಿದರು.

ಫೋರ್‌ಮನ್ ಅಸುಂಡಿಯವನು. ದಿನಾ ಸೈಕಲ್ ತುಳಿದು ಬರುತ್ತಿದ್ದ, ಒಳ್ಳೆಯ ಕೆಲಸಗಾರ. ಕೊಡಲಿ ಮೀನಿನ ಪುಟವನ್ನು ಪುಟ ಜೋಡಿಸುವ ಕಲ್ಲಿನ ಮೇಲೆ ಚೌಕಟ್ಟಿಗೆ ಬಿಗಿಯುವಾಗ ಬ್ಲಾಕನ್ನು ತಿರುಗಿಸಿ ಮುರುಗಿಸಿ ನೋಡಿದ. ಕಚ್ಚಿನ ಪ್ರಕಾರ ಇಟ್ಟರೆ ದೀಪ ಕೆಳಗೆ, ಉಬ್ಬೂ ಕೆಳಗೆ. ಅವನು ಕಂಡ ಮೀನೆಲ್ಲ ಕೆರೆಯ ಮೀನು, ಅವುಗಳ ಉಬ್ಬು ಬೆನ್ನಿಗೆ. ಅವನು ಕಂಡ ದೀಪವೆಲ್ಲ ಕಂಬದ ಮೇಲಿನದು.

"ಕಾರೀಗರ, ಕಚ್ಚು ತಪ್ಪು ಕಡೆ ಬಿದ್ದೈತಿ ನೋಡು. ಇದು ತಲಿ ಕೆಳಗಾಗೇತಿ ಅಲ್ಲೇನು?"

ಮೊಳೆಯ ಸಾಲು ಅವನ ಬ್ಲಾಕಿನ ಪಕ್ಕದಲ್ಲೇ ಇತ್ತು, ಅವನು ಅದನ್ನು ಓದುವ ಗೋಜಿಗೆ ಹೋಗಲಿಲ್ಲ. ಉಲ್ಟಾ ಇತ್ತು, ಹಾಗಾಗಿ ನನಗೆ ಒಂದೇ ನೋಟಕ್ಕೆ ಓದಲು ಬಂತು: 'ಹೊಟ್ಟೆಯ ಕೆಳಗಿನ ದೀಪಗಳು ಮೀನಿನ ನೆರಳನ್ನು ಅಳಿಸುತ್ತವೆ.' ಹೇಳಲು ಎರಡು ಮಾತು ಸಾಕಿತ್ತು.

"ನನ್ನ ಯಾಕ ಕೇಳ್ತಿ? ತಿಳಕೊಳ್ಳೂದು ನನ್ನ ಕೆಲಸ ಅಲ್ಲ," ಎಂದೆ.

ಅವನು ನಕ್ಕು ಬ್ಲಾಕನ್ನು ತಿರುಗಿಸಿಟ್ಟ, ಕೀಲು ಬಿಗಿದ.

ಕಪ್ಪು ಅಚ್ಚು ಸುಲಭಕ್ಕೆ ಬಗ್ಗುವುದಲ್ಲ. ಚಳಿಗೆ ಶಾಯಿ ಹೆಪ್ಪುಗಟ್ಟಿ, ಪಕ್ಕದಲ್ಲಿ ಇದ್ದಿಲ ಒಲೆ ಇಟ್ಟು ಅದನ್ನು ಸಡಿಲಿಸಬೇಕಾಯಿತು. ಕಾಗದ ಬ್ಲಾಕಿಗೆ ಅಂಟಿ ಹರಿಯುತ್ತಿತ್ತು. ಒಂದು ಹಾಳೆಯ ಕಪ್ಪು ಇನ್ನೊಂದರ ಬೆನ್ನಿಗೆ ಹತ್ತದಂತೆ ನಡುನಡುವೆ ಹಳೆಯ ಪತ್ರಿಕೆ ಸೇರಿಸಿದೆವು. ಟ್ರೆಡಲ್ ಯಂತ್ರವನ್ನು ಎರಡು ದಿನ ತುಳಿದೆವು, ಸಾವಿರ ಹಾಳೆ. ಒಣಗಲೆಂದು ದಾರಕ್ಕೆ ತೂಗಿಬಿಟ್ಟ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ನನ್ನನ್ನು ನೋಡುತ್ತಿದ್ದವು. ಮೊದಲ ದಿನ ಮಧ್ಯಾಹ್ನ ಹೇಳಬಹುದಿತ್ತು, ಮುನ್ನೂರು ಹಾಳೆಯಷ್ಟೇ ಆಗಿತ್ತು. ಎರಡನೆಯ ದಿನವೂ ಹೇಳಬಹುದಿತ್ತು. ಪ್ರತಿ ಸಲ ಆ ಕಿಸಕ್ಕೆಂದ ಸದ್ದು ನೆನಪಾಗುತ್ತಿತ್ತು. ತಾವೇ ಕಂಡುಕೊಳ್ಳಲಿ, ದೊಡ್ಡ ತಿಳಿದವರು! ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗಲ್ಲ, ಇನ್ನೊಬ್ಬರದು. ಅದು ಇನ್ನೂ ಕೆಟ್ಟದ್ದು.

ಐದು ಪ್ರತಿ ಹೊಲಿದು ಧಾರವಾಡಕ್ಕೆ ಹೋದವು. ಮಿಕ್ಕವು ಮೂಲೆಯಲ್ಲಿ ಕಟ್ಟಾಗಿ ಕುಳಿತವು.

ಮಾಸ್ತರರು ಬಂದದ್ದು ಬೇಸಿಗೆಯ ಬಿಸಿಲು ಏರಿದ ಮೇಲೆ. ಕೂಗಾಡಲಿಲ್ಲ. ಸಮಿತಿಯಿಂದ ಬಂದ ಕಾಗದ, ಒಂದು ಪುಸ್ತಕ ಕಲ್ಲಿನ ಮೇಲಿಟ್ಟರು. ಮಾಲೀಕರು ಓದಿದರು: ಚಿತ್ರಕ್ಕೂ ಬರಹಕ್ಕೂ ತಾಳೆಯಿಲ್ಲ, ಲೇಖಕರಿಗೆ ವಿಷಯದ ಪ್ರಾಥಮಿಕ ತಿಳಿವಳಿಕೆ ಇದ್ದಂತಿಲ್ಲ, ಆದ್ದರಿಂದ ಪುಸ್ತಕವನ್ನು ಪರಿಗಣಿಸಿಲ್ಲ.

"ತಿಳಿವಳಿಕಿ ಇಲ್ಲಂತ," ಎಂದರು ಮಾಸ್ತರರು. ಪುಸ್ತಕ ತೆರೆದು ಕೊಡಲಿ ಮೀನಿನ ಪುಟವನ್ನು ತಲೆಕೆಳಗು ಹಿಡಿದರು. "ಹಿಂಗ ಹಿಡದ್ರ ಸರಿ ಐತಿ. ಆದ್ರ ಹಿಂಗ ಯಾರು ಹಿಡೀತಾರ?"

ಫೋರ್‌ಮನ್ ಮುಂದೆ ಬಂದ. "ಕಚ್ಚು ತಪ್ಪು ಕಡೆ ಇತ್ರಿ."

ಮಾಸ್ತರರು ಬ್ಲಾಕು ತರಿಸಿದರು. ಒಂದು ಮೊಳೆ ಕೇಳಿ ಪಡೆದು, ಅದರ ಕಚ್ಚು ಇದರ ಕಚ್ಚು ಒಂದೇ ಕಡೆ ಬರುವಂತೆ ಇಟ್ಟು ನೋಡಿದರು. ದೀಪಗಳು ಕೆಳಗೆ ಬಂದವು. ಯಾರಿಗೂ ವಿವರಿಸಬೇಕಾಗಲಿಲ್ಲ.

ಫೋರ್‌ಮನ್ ನನ್ನ ಕಡೆ ಕೈ ತೋರಿಸಿದ. "ನಾ ಇವನ್ನ ಕೇಳೇನ್ರಿ. ಅಲ್ಲಾನ ಆಣಿ ಮಾಡಿ ಹೇಳಲಿ, ಕೇಳೇನೋ ಇಲ್ಲೋ. ನನ್ನ ಕೆಲಸ ಅಲ್ಲ ಅಂದ."

ಆ ಮಾತು ನಮ್ಮಿಬ್ಬರ ಹೊರತು ಯಾರೂ ಕೇಳಿರಲಿಲ್ಲ. ಇಲ್ಲ ಎಂದಿದ್ದರೆ ಅವನ ಕೆಲಸ ಆ ಹೊತ್ತಿಗೇ ಹೋಗುತ್ತಿತ್ತು, ನನ್ನದು ಉಳಿಯುತ್ತಿತ್ತು. ಮಾಲೀಕರು ನನ್ನ ಕಡೆಗೇ ವಾಲಿದ್ದರು. "ಅವಗೇನ್ ಗೊತ್ತರಿ ಮಾಸ್ತರ, ಪಾಪ. ಓದಾಕ ಬರೂದಿಲ್ಲ. ಚಿತ್ರದ ಕೆಳಗ ಏನು ಬರದೈತಿ ಅಂತ ಹೆಂಗ ತಿಳೀಬೇಕು?"

ಬಾಗಿಲು ತೆರೆದೇ ಇತ್ತು, ಹೊರಗೆ ಹೋಗಬಹುದಿತ್ತು. ಆದರೆ ಆ 'ಪಾಪ' ಎಂಬ ಮಾತನ್ನು ಹೊತ್ತು ಹೋಗಲಾರೆ ಅನಿಸಿತು. ಒಳ್ಳೆಯತನವೋ, ಹಳೆಯ ಸೊಕ್ಕೋ, ಇಂದಿಗೂ ಗೊತ್ತಿಲ್ಲ.

"ಫೋರ್‌ಮನ್ ಕೇಳಿದ್ದು ಖರೆ," ಎಂದೆ. "ಓದಾಕೂ ಬರ್ತೈತಿ. ಉಲ್ಟಾ ಇದ್ದರ ನಿಮಗಿಂತ ಜಲ್ದಿ ಬರ್ತೈತಿ." ಕಲ್ಲಿನ ಮೇಲೆ ಮುಂಡರಗಿಯವರ ಒಂದು ಲಗ್ನಪತ್ರಿಕೆಯ ಮೊಳೆ ಬಿಗಿದಿಟ್ಟಿತ್ತು. ವಧು, ವರ, ಮುಹೂರ್ತ, ಆಗಮನಾಭಿಲಾಷಿಗಳು, ಎಲ್ಲವನ್ನೂ ನಿಲ್ಲದೆ ಒಂದೇ ಉಸಿರಿಗೆ ಓದಿದೆ. ಓದಿ ಮುಗಿದಾಗ ನನ್ನ ದನಿಗೆ ನಾನೇ ನಾಚಿದೆ.

ಮಾಸ್ತರರು ಕೈಯಲ್ಲಿದ್ದ ಮೊಳೆಯನ್ನು ಕಲ್ಲಿನ ಮೇಲಿಟ್ಟರು.

"ಹಂಗಾದ್ರ ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಹೇಳಬೇಕಿತ್ತಲ್ಲ?"

"ತಲಿ ಓಡಸಬ್ಯಾಡ ಅಂದಿದ್ರಿ."

ಅವರು ಕಾಗದ ಮಡಚಿ ಜೇಬಿಗಿಟ್ಟರು. ಬಾಗಿಲ ಹತ್ತಿರ ನಿಂತು, ತಿರುಗದೆಯೇ ಹೇಳಿದರು: "ಬೆನ್ನಿಗೆ ಆ ಗೆರಿ ಹಾಕು. ಅದಿದ್ದಿದ್ರ ಫೋರ್‌ಮನ್‌ಗ ಸಂಶೇನ ಬರ್ತಿರಲಿಲ್ಲ. ನೀ ಹೇಳಿದ್ದ ಖರೆ ಇತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ತಡೆಯಲಾಗಲಿಲ್ಲ. ಹಿತ್ತಲಿಗೆ ಹೋಗಿ, ಮಸಿ ತೊಳೆಯುವ ಸೀಮೆಎಣ್ಣೆಯ ಡಬ್ಬಿಯ ಹತ್ತಿರ ಕುಳಿತು ಅತ್ತೆ.

ಕತ್ತಲೆ ತುಂಬಲು ಬರದಿದ್ದರೂ ಬೆಳಕು ಕೂಡಿಸಲು ಬರುತ್ತದೆ. ಅದೇ ಬ್ಲಾಕಿನಲ್ಲಿ ಮೀನಿನ ಬೆನ್ನಿಗೆ ಕೂದಲೆಳೆಯ ಗೆರೆ ಕೆತ್ತಿದೆ. ಹೊಸ ಚಿತ್ರವನ್ನು ಬೇರೆ ಹಾಳೆಗಳ ಮೇಲೆ ಅಚ್ಚು ಹಾಕಿ, ಕತ್ತರಿಸಿ, ಮೈದಾ ಅಂಟಿನಿಂದ ಒಂದೊಂದೇ ಪುಸ್ತಕದ ತಪ್ಪು ಮೀನಿನ ಮೇಲೆ ಅಂಟಿಸಿದೆ. ರಜೆಯ ದಿನಗಳಲ್ಲಿ, ಊಟದ ಬಿಡುವಿನಲ್ಲಿ, ಎರಡು ತಿಂಗಳು. ಕೆಲವು ದಿನ ಫೋರ್‌ಮನ್ ತಾನಾಗಿಯೇ ಬಂದು ಅಂಟು ಸವರಿ ಕೊಡುತ್ತಿದ್ದ.

ಸಮಿತಿಗೆ ತಿದ್ದಿದ ಪ್ರತಿ ಕಳಿಸಿದೆವು. ಒಮ್ಮೆ ನೋಡಿದ ಪುಸ್ತಕವನ್ನು ಮತ್ತೆ ನೋಡುವ ಪದ್ಧತಿಯಿಲ್ಲ ಎಂದು ಉತ್ತರ ಬಂತು. ಮಾಸ್ತರರು ನಿವೃತ್ತರಾದರು. ಆಮೇಲೆ ಪುಸ್ತಕದ ಕಟ್ಟನ್ನು ಚೀಲದಲ್ಲಿ ಹೊತ್ತು ಬಸ್ಸು ಹತ್ತಿ ಶಿರಹಟ್ಟಿ, ಮುಂಡರಗಿ, ಹಿರೇಹಂದಿಗೋಳ ಎಂದು ಶಾಲೆಯಿಂದ ಶಾಲೆಗೆ ತಾವೇ ಅಲೆದರು. ಕೆಲವರು ತೆಗೆದುಕೊಂಡರಂತೆ. 'ಪಟ್ಟಿಯಾಗ ಇಲ್ಲಲ್ರಿ' ಎಂದು ಹಿಂದಕ್ಕೆ ಕೊಟ್ಟವರೇ ಹೆಚ್ಚು. ಶಿರಹಟ್ಟಿ ಹತ್ತಿರದ ಮಾಗಡಿಯ ಒಂದು ಶಾಲೆಯಲ್ಲಿ ಅಂಟಿಸಿದ ಚಿತ್ರ ನೋಡಿ, ಇದರ ಕೆಳಗೆ ಏನು ಮುಚ್ಚಿದ್ದೀರಿ ಎಂದು ಒಬ್ಬರು ಉಗುರಿನಿಂದ ಕೆರೆದು ನೋಡಿದರಂತೆ. ಇದನ್ನು ಮಾಲೀಕರಿಗೆ ಹೇಳಿದ್ದು ನನಗೆ ಕೇಳಿಸಿತು. ನನಗೆ ಕೇಳಿಸಲೆಂದೇ ಹೇಳಿದರೋ ಏನೋ.

ಕಟ್ಟು ಒಯ್ಯಲು ಬಂದಾಗಲೆಲ್ಲ ನನ್ನ ಕಡೆ ನೋಡಿ "ಆತು" ಎನ್ನುತ್ತಿದ್ದರು, ಅಷ್ಟೇ. ಕ್ಷಮಿಸಿರೆಂದು ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಬೇಕಾದಾಗ ತೆರೆಯದ ಬಾಯಿ, ಆಮೇಲೆ ತೆರೆದರೆ ಮಾತು ಬರುವುದಿಲ್ಲ.

ಕೊನೆಯ ಕಟ್ಟು ಒಯ್ಯುವ ದಿನ ಅವರು ಒಂದು ಪ್ರತಿ ಹೊರಗೆ ತೆಗೆದು, ಮೊದಲ ಪುಟ ತೆರೆದು, ಮೊಳೆಯ ಖಾನೆಗಳ ಪೆಟ್ಟಿಗೆಗೆ ಒರಗಿ ಏನೋ ಬರೆಯತೊಡಗಿದರು. ಸಹಿ ಹಾಕಲು ಅಷ್ಟು ಹೊತ್ತು ಹಿಡಿಯಬಾರದು. ನಡುವೆ ನಿಲ್ಲಿಸಿ, ಪೆಟ್ಟಿಗೆಯಿಂದ ಒಂದು ಮೊಳೆ ಎತ್ತಿ ನೋಡಿ, ಇಟ್ಟು, ಮತ್ತೆ ಬರೆದರು. ಮುಚ್ಚಿ ನನ್ನ ಕೈಗಿತ್ತು, ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ನಡೆದರು.

ಸೀದಾ ಕನ್ನಡವನ್ನು ನಾನು ಸರಾಗವಾಗಿ ಓದಲು ಕಲಿತದ್ದು ಆಮೇಲೆ, ಆ ಪುಸ್ತಕವನ್ನೇ ಎದುರಿಗಿಟ್ಟುಕೊಂಡು. ಅದರ ಬೇರೆ ಯಾವ ಪುಟವಾದರೂ ಅಂದು ನನ್ನಿಂದ ತಡವರಿಸದೆ ಓದಲು ಆಗುತ್ತಿರಲಿಲ್ಲ. ಈ ಪುಟ ಹಾಗಿರಲಿಲ್ಲ. ಸಹಿ ಇರಲಿಲ್ಲ, ಆಶೀರ್ವಾದ ಇರಲಿಲ್ಲ. ಆಗಷ್ಟೇ ಬರೆಯಲು ಕಲಿತ ಮಗುವಿನದರ ಹಾಗೆ ಸೊಟ್ಟಗಿನ ಅಕ್ಷರ, ಬಲದಿಂದ ಎಡಕ್ಕೆ, ಉಲ್ಟಾ ಬರೆದಿದ್ದರು: 'ನಿನಗೆ ಗೊತ್ತಿತ್ತು.'

ಒಂದೇ ನೋಟಕ್ಕೆ ಓದಿದೆ. ತಡವರಿಸಲು ಕೂಡ ನನಗೆ ಅವರು ಜಾಗ ಬಿಟ್ಟಿರಲಿಲ್ಲ.